ಅತ್ತೆಯ ವ್ಯಾನಿಗೊಂದು ಜೋಡಿ

ನಮ್ಮ ಸೋದರತ್ತೆ ದೇವರನ್ನು ಅರ್ಧ ನಂಬುತ್ತಾರೆ, ಡಾಕ್ಟರನ್ನು ಕಾಲುಭಾಗ. ಪೂರ್ತಿ ನಂಬಿರುವುದು ತಮ್ಮ ಹಳೇ ವ್ಯಾನನ್ನು ಮಾತ್ರ. ಅದೊಂದನ್ನು ನಂಬಬಾರದು ಎಂಬುದು ಅರಸೀಕೆರೆಗೆಲ್ಲ ಗೊತ್ತು!

ಗುಂಡು ದೀಪ, ಮೊಂಡು ಮೂಗು, ಮೇಲರ್ಧ ಕೆನೆಬಣ್ಣ, ಕೆಳಗರ್ಧ ಪಾಚಿಹಸಿರು. ಗೇರಿನ ಕೋಲು ಇರುವುದು ಸ್ಟಿಯರಿಂಗಿನ ಪಕ್ಕಕ್ಕೆ. ಮಾವ ಇದರಲ್ಲಿ ಕೊಬ್ಬರಿ ಸಾಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಐವತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಸೀಟು ಹತ್ತಿದರು. ಅಂದಿನಿಂದ ಇನ್ನೊಬ್ಬರು ಆ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಮೆಕ್ಯಾನಿಕ್ ಕೂಡ, "ಅಮ್ಮಾ, ಒಂಚೂರು ಹಿಂದಕ್ಕೆ ತಗೊಳ್ಳಿ" ಎಂದು ಕೈಮುಗಿಯಬೇಕಿತ್ತು! "ಇಂಥ ಗಾಡಿ ಜಿಲ್ಲೆಗೇ ಒಂದು ಕಣೇ" ಎನ್ನುವಾಗ ಅತ್ತೆಯ ಕತ್ತು ಎರಡಿಂಚು ಉದ್ದವಾಗುತ್ತಿತ್ತು.

ಹೀಗಿರುವಾಗ ಕೊಬ್ಬರಿ ಮಂಡಿಯವರೊಬ್ಬರು ಬೀದಿಯಲ್ಲಿ ತಡೆದು, "ಏನಮ್ಮ, ನಿನ್ನೆ ಬಾಣಾವರದಲ್ಲಿ ಕೈ ಎತ್ತಿದ್ರೂ ನಿಲ್ಲಿಸ್ದೆ ಹೋದ್ರಲ್ಲ?" ಎಂದರು.

"ನಿನ್ನೆ ನಾನು ಮನೆ ಬಿಟ್ಟೇ ಇಲ್ಲ!"

"ಹಂಗಾದ್ರೆ ಗಾಡಿ ಒಂದೇ ಬಂದಿತ್ತಾ?"

ಮರುವಾರ ಇನ್ಯಾರೋ ಜಾವಗಲ್ ಸಂತೆಯಲ್ಲಿ ಕಂಡೆವೆಂದರು. ಅತ್ತೆಗೆ ಅನ್ನ ಸೇರದಾಯಿತು. ಯಾವನೋ ನಮ್ಮ ನಂಬರನ್ನೇ ಹಾಕಿಕೊಂಡು ಕಳ್ಳಮಾಲು ಸಾಗಿಸುತ್ತಿದ್ದಾನೆ, ಇಂದಲ್ಲ ನಾಳೆ ಪೊಲೀಸರು ತಮ್ಮ ಬಾಗಿಲಿಗೆ ಬರುತ್ತಾರೆ ಎಂದು ನಿರ್ಧರಿಸಿಬಿಟ್ಟರು. ಬೀದಿಯಲ್ಲಿ ಜೀಪಿನ ಸದ್ದಾದರೆ ಸಾಕು, ಒಲೆ ಆರಿಸಿ ಕಿಟಕಿಗೆ ಓಡುತ್ತಿದ್ದರು.

ಹೋದ ತಿಂಗಳು ಬೇಲೂರಿನಲ್ಲಿ ನೆಂಟರ ಗೃಹಪ್ರವೇಶಕ್ಕೆ ನಾವಿಬ್ಬರೇ ಹೊರಟಿದ್ದೆವು. ಜಾವಗಲ್ ದಾಟಿ ಸ್ವಲ್ಪ ದೂರ ಹೋಗಿದ್ದೇವೆ, ಮುಂದಿನ ತಿರುವಿನಲ್ಲಿ ಕೆನೆಬಣ್ಣ, ಪಾಚಿಹಸಿರು!

"ಸಿಕ್ದ ನನ್ಮಗ!" ಎಂದು ಅತ್ತೆ ಸೆರಗು ಬಿಗಿದರು.

ನಮ್ಮ ಗಾಡಿ ಎಂದೂ ಕಾಣದ ವೇಗ ಕಂಡಿತು. ಬಾಗಿಲು ಗಡಗಡ, ನನ್ನ ಹಲ್ಲು ಅದಕ್ಕಿಂತ ಜೋರು. ಎದುರಿಗೆ ಬಂದ ಬಸ್ಸೊಂದು ಹಾರನ್ ಒತ್ತಿಕೊಂಡೇ ಪಕ್ಕಕ್ಕೆ ಸರಿಯಿತು. ಅತ್ತ ಮುಂದಿನವನೂ ವೇಗ ಹೆಚ್ಚಿಸಿದ. ತಪ್ಪಿಲ್ಲದವನು ಹೀಗೆ ಓಡುತ್ತಾನೆಯೇ?

"ಅತ್ತೆ, ಬ್ರೇಕು! ಬ್ರೇಕು!"

"ಬ್ರೇಕ್ ಹಾಕೋಕೆ ನಾವೇನು ನಿಲ್ಲೋಕೆ ಬಂದಿದೀವೇನೇ?"

ಹಳೇಬೀಡು ಇನ್ನೇನು ಬಂತು ಎನ್ನುವಾಗ ಮುಂದಿನ ವ್ಯಾನಿನ ಮೂಗಿನಿಂದ ಬಿಳಿ ಹೊಗೆ ಎದ್ದು, ಅದು ರಸ್ತೆ ಬದಿಗೆ ಹೊರಳಿ ನಿಂತಿತು. ಅತ್ತೆ ಧುಮುಕಿ ಓಡಿದರು. ನಾನೂ ಹಿಂದೆಯೇ ಓಡಿದೆ. ನಂಬರ್ ಬೇರೆಯೇ ಇತ್ತು. ಇಳಿದು ಬಂದವರು ಎಪ್ಪತ್ತು ದಾಟಿದ ಯಜಮಾನರು. ಎರಡೂ ಕೈ ನಡುಗುತ್ತಿದ್ದವು.

"ಅವ್ವಾ, ಹೆಂಡ್ರು ಹಿಂದ್ಗಡೆ ಮಲಗವ್ಳೆ. ಎದೆನೋವು ಅಂತಾಳೆ. ಬೇಲೂರು ಆಸ್ಪತ್ರೆಗೆ ಹೊಂಟಿದ್ದೆ, ಇದು ಇಲ್ಲೇ ಕೈಕೊಡ್ತಲ್ಲವ್ವಾ..."

ಬೈಯಲು ಓಡಿಬಂದಿದ್ದ ಅತ್ತೆ ಆಗಲೇ ಅವರ ವ್ಯಾನಿನ ಹಿಂಬಾಗಿಲು ತೆರೆಯುತ್ತಿದ್ದರು. ಮೂವರೂ ಸೇರಿ ಆಕೆಯನ್ನು ನಮ್ಮ ವ್ಯಾನಿಗೆ ಎತ್ತಿ ಮಲಗಿಸಿದೆವು. ಬೆವರಿನಿಂದ ಒದ್ದೆಯಾಗಿದ್ದ ಆಕೆ ಅತ್ತೆಯ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಿಸಿಕೊಳ್ಳಲು ಹೋದರೆ ಅಳು. ಈಗ ಗಾಡಿ ಓಡಿಸುವವರು ಯಾರು? ಆ ಗೇರಿನ ಕೋಲನ್ನು ನಾನು ಮುಟ್ಟಿಯೂ ಗೊತ್ತಿಲ್ಲ!

ಅತ್ತೆ ಬೀಗದ ಕೈಯನ್ನು ಯಜಮಾನರ ಕಡೆ ಚಾಚಿದರು. "ನೀವೇ ಓಡಿಸಿ ಅಣ್ಣ. ಇದರ ಬುದ್ಧಿ ನಿಮಗೂ ಗೊತ್ತೈತಲ್ಲ."

ಸ್ಟಿಯರಿಂಗ್ ಹಿಡಿದದ್ದೇ ತಡ, ಅವರ ಕೈನಡುಕ ನಿಂತಿತು. ಎರಡನೇ ಗೇರು ಕಚ್ಚಿಕೊಂಡಾಗ ಕೋಲನ್ನು ಅತ್ತೆಯ ಹಾಗೆಯೇ ಕೊಂಚ ಎಳೆದು ಬಿಟ್ಟರು, ಗೇರು ಬಿದ್ದಿತು. ಹಿಂದಿನಿಂದ ಅತ್ತೆ, "ನಿಧಾನ" ಎಂದು ಒಮ್ಮೆಯೂ ಹೇಳಲಿಲ್ಲ. "ಬಂತು ಕಣಕ್ಕಾ, ಇನ್ನೇನು ಬಂತು" ಎಂದಷ್ಟೇ ಹೇಳುತ್ತಿದ್ದರು.

ಬೇಲೂರಿನ ಡಾಕ್ಟರು, "ಸರಿಯಾದ ಹೊತ್ತಿಗೆ ಕರ್ಕೊಂಡ್ ಬಂದ್ರಿ, ಭಯ ಇಲ್ಲ" ಎಂದಾಗ ಗೃಹಪ್ರವೇಶದ ಊಟದ ಕೊನೆಯ ಪಂಕ್ತಿಯೂ ಎದ್ದಿರಬೇಕು. ಯಜಮಾನರು ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು.

"ಇಟ್ಕೊಳ್ಳಿ ಅಣ್ಣ. ಅಕ್ಕನ್ನ ಮನೆಗೆ ಕರ್ಕೊಂಡ್ ಹೋದ್ಮೇಲೆ ಅರಸೀಕೆರೆಗೆ ತಂದ್ಕೊಡಿ, ಈ ಗಾಡಿ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ" ಎಂದ ಅತ್ತೆ ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ಅರಸೀಕೆರೆ ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆಯೇ ನೋಡುತ್ತಾ ಕೂತಿದ್ದರು. ಗಾಡಿಯ ಚಿಂತೆ ಎಂದುಕೊಂಡು ನಾನೇ ಕೇಳಿದೆ, "ಏನತ್ತೆ ಯೋಚನೆ?"

"ಏನಿಲ್ಲ ಕಣೇ. ನಿಮ್ಮ ಮಾವ ಹೋದ್ಮೇಲೆ ಇವತ್ತೇ, ಆ ಗಾಡೀಲಿ ಇನ್ನೊಬ್ಬರು ಓಡಿಸ್ತಿರೋವಾಗ ನಾನು ಸುಮ್ಮನೆ ಕೂತಿದ್ದು."

ಅಷ್ಟು ಹೇಳಿ ನನ್ನ ಹೆಗಲಿಗೆ ತಲೆಯಾನಿಸಿದರು. ಜಾವಗಲ್ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.