ಪ್ರಧಾನರ ಕಾರಿಗೆ ಕೂಲಿಂಗ್ ಪೇಪರು

ನ್ಯಾಮತಿಯ ಬಾಡಿಗೆ ಕಾರಿನ ಜಯಪ್ಪ ಆವತ್ತು ಸಂಕಟಕ್ಕೆ ಬಿದ್ದದ್ದು ಒಂದು ಸುರುಳಿ ಕಪ್ಪು ಹಾಳೆಯಿಂದ. ಮಂಡಲ ಪಂಚಾಯ್ತಿಗೆ ಹೊಸದಾಗಿ ಪ್ರಧಾನರಾಗಿದ್ದ ಮರುಳಪ್ಪನವರಿಗೆ ಸಂಜೆ ಗೋವಿನಕೋವಿಯಲ್ಲಿ ಸನ್ಮಾನ.

"ಕಾರು ದೊಡ್ಡ ಮನುಷ್ಯರ ಕಾರಿದ್ದಂಗೆ ಇರ್ಬೇಕು ಜಯಪ್ಪ. ಹಂಗಿದ್ರೆ ಐದು ವರ್ಷ ನಿನ್ನ ಕಾರೇ. ಇಲ್ಲಾಂದ್ರೆ ಗಿಡ್ಡಪ್ಪನ ಜೀಪು ಐತೆ," ಎಂದಿದ್ದರು.

ಜಯಪ್ಪ ದಾವಣಗೆರೆಯಲ್ಲಿ ಕಂಡಿದ್ದ ದೊಡ್ಡ ಮನುಷ್ಯರ ಕಾರುಗಳಿಗೆಲ್ಲ ಗಾಜು ಕಪ್ಪಗಿತ್ತು. ಒಳಗಿದ್ದವರನ್ನು ಅವನು ಕಂಡಿರಲಿಲ್ಲ. ಕಾಣದ್ದರಿಂದಲೇ ಅವರು ದೊಡ್ಡವರೆಂದು ನಂಬಿದ್ದ. ಕೂಲಿಂಗ್ ಪೇಪರು ತಂದೇಬಿಟ್ಟ.

ಬಾಗಿಲ ಗಾಜುಗಳು ಸೋಪಿನ ನೀರಿಗೇ ಒಪ್ಪಿಕೊಂಡವು. ತಕರಾರು ತೆಗೆದದ್ದು ಅಂಬಾಸಿಡರಿನ ಹಿಂದಿನ ಗಾಜು. ಅದು ಹಬ್ಬದೂಟ ಮುಗಿಸಿದ ಬೀಗರ ಹೊಟ್ಟೆಯಂತೆ ಉಬ್ಬಿತ್ತು. ಹಾಳೆಯನ್ನು ನಡುವೆ ಒತ್ತಿದರೆ ಮೂಲೆ ಏಳುತ್ತಿತ್ತು. ಮೂಲೆ ಒತ್ತಿದರೆ ನಡುವೆ ಪೂರಿ.

ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ನೀರಿಗೆ ಬರ ಬಂದರೂ ಸಲಹೆಗೆ ಬಂದದ್ದಿಲ್ಲ. ಟೈಲರ್ ಹನುಮಂತಪ್ಪ ಕತ್ತರಿ ಸಮೇತ ಬಂದ.

"ಮೈಗೆ ಸರಿಯಾಗಿ ಕೂರ್ಲಿ ಅಂತ ರವಿಕೆಗೆ ಟಕ್ಸ್ ಹಿಡಿಯಲ್ವೇನಪ್ಪ, ಹಂಗೇ ಇದಕ್ಕೂ ಹಿಡೀಬೇಕು," ಎಂದವನೇ ಕೇಳದೆ ನಾಲ್ಕು ಕಡೆ ಸೀಳಿದ.

"ಸೀಳಿನಾಗೆ ಬೆಳಕು ಬರ್ತೈತಲ್ಲ ಹನುಮಂತಣ್ಣ."

"ಪ್ರಧಾನರಿಗೆ ಬೆಳಕು ಬ್ಯಾಡ್ವಾ?"

ಆಮೇಲೆ ಬಂದ ರೇವಣ್ಣ ಚುನಾವಣೆಯಲ್ಲಿ ಪೋಸ್ಟರ್ ಅಂಟಿಸಿ ಹೆಸರು ಮಾಡಿದವನು. "ಮೈದಾ ಗೋಂದು ಹಚ್ಚು. ನಾನು ಅಂಟಿಸಿದ ಪೋಸ್ಟರ್ ಇವತ್ತಿಗೂ ಗೋಡೆ ಮ್ಯಾಲೆ ಐತೆ. ಠೇವಣಿ ಕಳಕಂಡವರ್ದೂ ಐತೆ," ಎಂದು ಅರ್ಧ ಬಕೆಟ್ ಬಳಿದ. ಗಾಜು ಕಪ್ಪಾಗುವ ಬದಲು ಬೆಳ್ಳಗಾಯಿತು. ಊರಿನ ನೊಣಗಳು ಸನ್ಮಾನಕ್ಕೆ ಮುಂಚೆಯೇ ಸೇರಿದವು.

ಎದುರಿನ ರೊಟ್ಟಿ ಹೋಟೆಲಿನ ಕರಿಬಸಮ್ಮ ಇದನ್ನೆಲ್ಲ ನೋಡಿ ನೋಡಿ ಸಾಕಾಗಿ ಎದ್ದು ಬಂದಳು. "ಏಳ್ರಪ್ಪ ಆಚೆಗೆ. ಉಬ್ಬಿದ್ದನ್ನ ಒತ್ತಾಕೆ ಗಂಡಸರಿಗೆ ಎಲ್ಲಿ ಬರ್ಬೇಕು."

ಗಾಜು ತೊಳೆಸಿ, ಉಳಿದಿದ್ದ ಹಾಳೆಯನ್ನು ಹಾಸಿದಳು. ಹನುಮಂತಪ್ಪನ ಕೆಂಡದ ಇಸ್ತ್ರಿಪೆಟ್ಟಿಗೆಯನ್ನು ಜಯಪ್ಪನ ಕೈಗಿತ್ತು, ಹೊರಗಿನಿಂದ ಗಾಜಿಗೆ ಹದವಾಗಿ ಕಾವು ತೋರಿಸಲು ಹೇಳಿದಳು. ತಾನು ಒಳಗೆ ಕೂತು, ಹೆಂಚಿನ ಮೇಲಿನ ರೊಟ್ಟಿಯನ್ನು ಒತ್ತುವಂತೆ ಒದ್ದೆ ಬಟ್ಟೆಯಲ್ಲಿ ಒತ್ತುತ್ತ ಬಂದಳು. ಹಾಳೆ ಹೊಸ ಸೊಸೆಯಂತೆ ತಲೆತಗ್ಗಿಸಿ ಮೂಲೆ ಸೇರಿತು.

"ಕರಿಬಸಮ್ಮ ಒತ್ತಿದ್ದು. ಈ ಜನ್ಮದಾಗೆ ಬಿಡಲ್ಲ, ಹೋಗು."

ಸಂಜೆ ಮರುಳಪ್ಪನವರು ಕಾರನ್ನು ಸುತ್ತಿ ನೋಡಿ ತಲೆದೂಗಿದರು. ಬಿಳಿ ಅಂಗಿ ತೊಟ್ಟು ಬಂದಿದ್ದ ಜಯಪ್ಪ ಕೈಮುಗಿದು, "ಬಾಗಿಲ ಗಾಜು ಮಾತ್ರ ಇಳಿಸಬ್ಯಾಡ್ರಿ ಯಜಮಾನ್ರೆ. ಪೇಪರು ಇನ್ನೂ ಹಸಿ ಐತೆ, ಕಿತ್ತು ಬರ್ತೈತೆ," ಎಂದ.

ದಾರಿಯುದ್ದಕ್ಕೂ ಪ್ರಧಾನರು ಒಳಗಿನಿಂದ ಕೈಬೀಸಿದರು. ಯಾರೂ ತಿರುಗಿ ಬೀಸಲಿಲ್ಲ. ಎಮ್ಮೆಗಳು ಅಡ್ಡ ಬಂದು ಕಾರು ನಿಂತಾಗ ಒಬ್ಬ ಗಾಜಿನ ಹತ್ತಿರ ಬಂದ. ಪ್ರಧಾನರು ಕೈಮುಗಿದರು. ಅವನು ಬಾಚಣಿಗೆ ತೆಗೆದು ಬೈತಲೆ ಸರಿಮಾಡಿಕೊಂಡ. ಅವನ ಹಿಂದೆ ಬಂದ ಅಜ್ಜಿ ಬಾಯಗಲಿಸಿ, ಹಲ್ಲಿನ ಸಂದಿಯಲ್ಲಿದ್ದ ಎಲೆಯಡಿಕೆ ತೆಗೆದುಕೊಂಡಳು. ಪ್ರಧಾನರಿಗೆ ಆಕೆಯ ಎರಡು ಹಲ್ಲೂ ಸ್ಪಷ್ಟವಾಗಿ ಕಂಡವು.

ಗೋವಿನಕೋವಿಯಲ್ಲಿ ಡೊಳ್ಳು ಶುರುವಾಯಿತು. ಹಾರ ಹಿಡಿದಿದ್ದವರು ಊರಿಗೆ ಹೊಸದಾಗಿ ಬಂದ ಮೇಷ್ಟ್ರು. ಪ್ರಧಾನರ ಮುಖ ಕಂಡವರಲ್ಲ. ಇಡೀ ಕಾರಿನಲ್ಲಿ ಅವರಿಗೆ ಕಂಡದ್ದು ಹಾಳೆ ಅಂಟಿಸದ ಮುಂದಿನ ಗಾಜಿನೊಳಗಿನ ಒಂದೇ ಬಿಳಿ ಅಂಗಿ. ಬಾಗಿಲು ತೆಗೆದು, ಜಯಪ್ಪ ಉಸಿರೆತ್ತುವ ಮೊದಲೇ ಅವನ ಕೊರಳಿಗೆ ಮಾರುದ್ದದ ಚೆಂಡುಹೂವಿನ ಹಾರ ಹಾಕಿದರು. ಹಿಂದಿನ ಬಾಗಿಲಿನಿಂದ ತಾವೇ ಇಳಿದ ಮರುಳಪ್ಪನವರಿಗೆ ಮೇಷ್ಟ್ರು ಹೇಳಿದರು, "ಡ್ರೈವರಣ್ಣ, ಕಾರು ಆ ಹುಣಸೆಮರದ ಕೆಳಗೆ ಹಾಕು."

ಸನ್ಮಾನ ಹೇಗೋ ಮುಗಿಯಿತು. ಮರುಳಪ್ಪನವರು ಗಿಡ್ಡಪ್ಪನ ತೆರೆದ ಜೀಪಿನಲ್ಲಿ ನಿಂತುಕೊಂಡೇ ಊರಿಗೆ ಹೊರಟರು, ಎಮ್ಮೆಗಳಿಗೂ ಕೈಬೀಸುತ್ತ. ಹೋಗುವಾಗ ಒಂದು ಮಾತು ಹೇಳಿದ್ದರು: "ನಾಳೆ ಹೊತ್ತು ಏರೋದ್ರೊಳಗೆ ಹಿಂದಿಂದು ಮುಂದಿಂದು ಎಲ್ಲಾ ಗಾಜಿನಾಗೂ ನಾನು ಕಾಣ್ಬೇಕು. ಇಲ್ಲಾಂದ್ರೆ ಜೀಪೇ ಖಾಯಂ."

ಜಯಪ್ಪ ಕೊರಳ ಹಾರ ತೆಗೆಯಲೂ ಮರೆತು ಬಸ್ ಸ್ಟ್ಯಾಂಡಿಗೆ ಬಂದು ಹಾಳೆಗೆ ಕೈಹಾಕಿದ. ಬಾಗಿಲ ಗಾಜಿನವು ಒಂದೇ ಎಳೆತಕ್ಕೆ ಬಂದವು. ಹಿಂದಿನದು ಜಪ್ಪಯ್ಯ ಅನ್ನಲಿಲ್ಲ. ಹನುಮಂತಪ್ಪನ ಕತ್ತರಿ ಮೊಂಡಾಯಿತು, ರೇವಣ್ಣನ ಬ್ಲೇಡು ಮುರಿಯಿತು.

ಹೋಟೆಲಿನ ಬಾಗಿಲು ಹಾಕುತ್ತಿದ್ದ ಕರಿಬಸಮ್ಮ ಅಲ್ಲಿಂದಲೇ ಹೆಮ್ಮೆಯಿಂದ ಕೇಳಿದಳು:

"ನಾನು ಆವಾಗ್ಲೇ ಹೇಳಿದ್ನೋ ಇಲ್ಲೋ?"