ಕಾಕಾ ಓದಿದ ಸತ್ಕಾರದ ಯಾದಿ

ನಮ್ಮ ಕಾಕಾ ಇಂಗ್ಲಿಷಿಗೆ ಕೊಟ್ಟಷ್ಟು ಮರ್ಯಾದೆಯನ್ನು ಇಂಗ್ಲೆಂಡಿನವರೂ ಕೊಟ್ಟಿರಲಿಕ್ಕಿಲ್ಲ. ಅವರು ಅರ್ಧ ಅಕ್ಷರ ನುಂಗಿಯೇ ಮಾತಾಡುತ್ತಾರಂತೆ. ಕಾಕಾ ಒಂದನ್ನೂ ನುಂಗಿದವರಲ್ಲ. ನೈಫ್ ಅವರ ಬಾಯಲ್ಲಿ ಕ್ನೈಫ್, ರಿಸೀಟ್ ರಿಸೀಪ್ಟ್, ಬುಧವಾರವೆಂದರೆ ವೆಡ್-ನೆಸ್-ಡೇ. ಮಹಾರಾಷ್ಟ್ರದ ಗಡಿಯೂರು ಸೊರಡಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಅವರು ಸಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಇಂಗ್ಲಿಷು ಬಂದದ್ದು ಜತ್ತದ ಸಂತೆಯಲ್ಲಿ ಕೊಂಡ, ರಟ್ಟು ಹರಿದ ನಿಘಂಟಿನಿಂದ. ಅದರಲ್ಲಿ ಅರ್ಥವಿತ್ತು, ಶಬ್ದವನ್ನು ಅನ್ನುವುದು ಹೇಗೆಂದು ಇರಲಿಲ್ಲ. ಇರಬೇಕಾದರೂ ಯಾಕೆ? ಕನ್ನಡವನ್ನು ಬರೆದಂತೆ ಓದುತ್ತೇವೆ, ಮರಾಠಿಯನ್ನೂ ಬರೆದಂತೆ ಓದುತ್ತೇವೆ. ಮೂರನೆಯ ಭಾಷೆಯೊಂದು ಮೋಸ ಮಾಡೀತೆಂದು ಗಡಿಯ ಮನುಷ್ಯನಿಗೆ ಹೇಗೆ ಹೊಳೆಯಬೇಕು!

ಒಮ್ಮೆ ಅಂಗಡಿಗೆ ಬಂದ ಸೇಲ್ಸ್‌ಮನ್ ಒಬ್ಬ ಧೈರ್ಯ ಮಾಡಿದ.

"ನೈಫಿನ್ಯಾಗ ಆ ಕೆ ಸೈಲೆಂಟ್ ಐತ್ರಿ ಸಾವಕಾರ್ರ. ಬರೀತಾರ, ಆದ್ರ ಅನ್ನೂದಿಲ್ಲ."

ಕಾಕಾ ತಕ್ಕಡಿ ಕೆಳಗಿಟ್ಟರು. "ಕರದು, ಪಂಕ್ತ್ಯಾಗ ಕುಂದ್ರಿಸಿ, ಎಲಿ ಹಾಕಿ, ನೀಡದನ ಮುಂದ ಹೋಗೂದೇನೋ ತಮ್ಮಾ? ಅದು ನಮ್ಮ ಮನ್ಯಾಗ ನಡಿಯೂದಿಲ್ಲ."

ಮುಂದಿನ ಸಲ ಬಂದಾಗ ಅವನೇ ಕ್ನೈಫ್ ಎಂದ. ಪಾಪ, ಅವನಿಗೆ ಆರ್ಡರು ಬೇಕಲ್ಲ.

ಎಲ್ಲರಿಗೂ ನೀಡಬೇಕೆಂಬ ಈ ಹಟಕ್ಕೆ ಕಾರಣವಿದೆ. ನಮ್ಮ ಕಡೆ ಯಾವ ಕಾರ್ಯವಿರಲಿ, ಬಂದ ಬೀಗರಿಗೆ ಸತ್ಕಾರ ಆಗಲೇಬೇಕು. ಯಾದಿ ಹಿಡಿದು ಒಬ್ಬೊಬ್ಬರನ್ನೇ ಹುದ್ದೆ ಸಮೇತ ಮೈಕಿನಲ್ಲಿ ಕರೆದು, ತಲೆಗೆ ಟೊಪ್ಪಿಗೆ, ಹೆಗಲಿಗೆ ಟವೆಲ್, ಕೈಗೆ ತೆಂಗಿನಕಾಯಿ ಕೊಡಬೇಕು. ಒಂದು ಹೆಸರು ಬಿಟ್ಟರೂ ಜನ್ಮವಿಡೀ ಮಾತು ಬಿಡುವವರಿದ್ದಾರೆ. ಮೂವತ್ತು ವರ್ಷಗಳಿಂದ ಊರಿನ ಆ ಮೈಕು ಕಾಕಾನ ಕೈಯಲ್ಲಿದೆ. ಒಂದು ಹೆಸರೂ ಬಿಟ್ಟದ್ದಿಲ್ಲ.

ನನಗೆ ಇಂಗ್ಲಿಷ್ ಕಲಿಸಿದವರೂ ಅವರೇ. ಅಪ್ಪ ತೀರಿಕೊಂಡ ಮೇಲೆ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡಿಸಿದರು. ಸಾಂಗಲಿಯ ಕಾಲೇಜಿನಲ್ಲಿ ಮೊದಲ ವಾರವೇ ಎದ್ದು ನಿಂತು ನಾಲಿಗೆಯ 'ಟಂಗ್' ಅನ್ನು 'ಟಾಂಗ್ಯೂ' ಎಂದು ಓದಿದೆ. ಇಡೀ ಕ್ಲಾಸು ನಕ್ಕಿತು. ಮಾಸ್ತರರು ಮಾತ್ರ ಸಭ್ಯರು, ಆ ಕಡೆ ತಿರುಗಿ ನಕ್ಕರು.

ಕಾಕಾನ ಮೇಲೆ ಕೆಂಡದಂಥ ಸಿಟ್ಟು ಬಂತು. ಜಗಳವಾಡಿದ್ದರೂ ಚೆನ್ನಾಗಿತ್ತು. ನಾನು ಅವರ ಮುಂದೆ ಇಂಗ್ಲಿಷಿನ ಮಾತನ್ನೇ ಬಿಟ್ಟೆ. ಅವರು ಹೊಸ ಶಬ್ದ ತಂದರೆ ಎದ್ದು ಒಳಗೆ ಹೋಗುತ್ತಿದ್ದೆ. ಹೀಗೆ ಆರು ವರ್ಷ. ಅಷ್ಟರಲ್ಲಿ ನಾನೇ ಸಾಂಗಲಿಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ!

ಈ ವರ್ಷ ನನ್ನ ಸಾಖರಪುಡೆ, ಅಂದರೆ ನಿಶ್ಚಿತಾರ್ಥ, ನಮ್ಮ ಮನೆಯ ಮುಂದೆಯೇ ನಡೆಯಿತು. ಬೀಗರು ಪುಣೆಯಲ್ಲಿ ನೆಲೆಸಿದ ನಮ್ಮ ಕಡೆಯವರೇ. ಅವರ ಯಾದಿ ಇಂಗ್ಲಿಷಿನಲ್ಲಿ ಬಂತು. ಮೂರನೆಯ ಸಾಲಿಗೆ ನನ್ನ ಬೆರಳು ನಿಂತಿತು. ಹುಡುಗನ ಸೋದರಮಾವ ಸೈನ್ಯದಲ್ಲಿ ಕರ್ನಲ್ ಆಗಿದ್ದವರು. ಕಾಕಾನ ಇಂಗ್ಲಿಷಿನಲ್ಲಿ ಆ ಹುದ್ದೆಗೆ ಕೊಲೊನೆಲ್ ಎನ್ನುತ್ತಾರೆ. ಕಾಕಾ ಕಲಿಸಿದ್ದರಿಂದ ಊರೂ ಹಾಗೇ ಅನ್ನುತ್ತದೆ; ಬೀಗರಲ್ಲಿ ಒಬ್ಬರು ಕೊಲೊನೆಲ್ ಎಂಬ ಸುದ್ದಿಯೂ ಆಗಲೇ ಊರೆಲ್ಲ ಹಬ್ಬಿತ್ತು. ನಾಚಿಕೆ ನನಗಾಗುತ್ತದೆಂಬ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅಂದು ಕ್ಲಾಸು ನನ್ನನ್ನು ನೋಡಿ ನಕ್ಕಂತೆ ಮಂಟಪ ಕಾಕಾನನ್ನು ನೋಡಿ ನಕ್ಕರೆ? ಆ ಹೆದರಿಕೆಯೇ ದೊಡ್ಡದು.

ಕಾರ್ಯದ ದಿನ ಬೆಳಿಗ್ಗೆ ಇಡೀ ಯಾದಿಯನ್ನು ಕನ್ನಡದಲ್ಲಿ ಬರೆದು ಟೊಪ್ಪಿಗೆ-ಟವೆಲ್ ಜೋಡಿಸಿದ ದೊಡ್ಡ ತಟ್ಟೆಯಲ್ಲಿ, ಪರಾತದಲ್ಲಿ, ಇಟ್ಟೆ, ಹಳೆಯದನ್ನು ಬಚ್ಚಿಟ್ಟೆ. ಬಾಯಿಬಿಟ್ಟು ಹೇಳಲು ಆಗಲೂ ಧೈರ್ಯ ಬರಲಿಲ್ಲ.

ಕಾಕಾ ಮೈಕು ಹಿಡಿದು ಚೀಟಿ ಬಿಚ್ಚಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಅಕ್ಷರ ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಮೊದಲ ಎರಡು ಹೆಸರು ಸುಸೂತ್ರ ಆದವು. ಮೂರನೆಯದಕ್ಕೆ ದನಿ ನಿಂತಿತು. 

"ಕರ್ನಲ್..." ಎಂದರು ಕಾಕಾ.

ನಾನು ಉಸಿರು ಬಿಡುವಷ್ಟರಲ್ಲಿ ಹಿಂದಿನ ಸಾಲಿನಿಂದ ಕುರಿ ಕಾಯುವ ಅಜ್ಜನೊಬ್ಬ ಎದ್ದು ನಿಂತ. "ಸಾವಕಾರ್ರ, ಅದು ಕೊಲೊನೆಲ್ ಅಲ್ಲೇನ್ರಿ? ಬೀಗರ ಮುಂದ ತಪ್ಪ ಓದಬ್ಯಾಡ್ರಿ."

"ಹೌದ್ರಿ, ನೀವ ಹೇಳಿಕೊಟ್ಟೀರಿ," ಎಂದು ಮತ್ತಿಬ್ಬರು ದನಿಗೂಡಿಸಿದರು.

ಆ ಸೋದರಮಾವ ಕುರ್ಚಿಯಿಂದ ಅರ್ಧ ಎದ್ದವರು ಏಳಬೇಕೋ ಕೂರಬೇಕೋ ತಿಳಿಯದೆ ಹಾಗೆಯೇ ನಿಂತರು. ಪುಣೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.  ಅವಸರದಲ್ಲಿ ತಪ್ಪಿದೆ ಎಂದು ಕಾಕಾ ತೇಲಿಸಬಹುದಿತ್ತು, ಊರಿನಲ್ಲಿ ಅವರ ಮಾನ ಉಳಿಯುತ್ತಿತ್ತು.

"ನಾ ಹೇಳಿಕೊಟ್ಟಿದ್ದ ತಪ್ಪ ಇತ್ರೆಪಾ," ಎಂದರು ಮೈಕಿನಲ್ಲೇ. "ನಮ್ಮ ಹುಡುಗಿ ತಿದ್ದಿ ಬರದಾಳ. ಆಕಿ ಬರದಿದ್ದು ಖರೆ. ಕರ್ನಲ್ ಸಾಹೇಬ್ರು ಮುಂದ ಬರ್ರಿ."

ಯಾರೂ ನಗಲಿಲ್ಲ. ಕರ್ನಲ್ ಸಾಹೇಬರು ಬಂದು ಟೊಪ್ಪಿಗೆಗೆ ತಲೆಬಾಗಿಸಿದರು. "ಫೌಜಿಗೆ ಸೇರಿದ ದಿನ ನಾನೂ ಹಂಗ ಅಂದಿದ್ನಿರಿ. ಮೈದಾನ ಮೂರ ಸುತ್ತ ಓಡಿಸಿದ್ರು," ಎಂದರು. ಆಮೇಲೆ ಮಂಟಪವೆಲ್ಲ ನಕ್ಕಿತು, ಕಾಕಾನೂ ನಕ್ಕರು.

ಯಾದಿ ಮುಗಿಯಿತು, ಒಂದು ಹೆಸರೂ ತಪ್ಪಲಿಲ್ಲ. ಪರಾತದಲ್ಲಿ ಒಂದು ಟೊಪ್ಪಿಗೆ-ಟವೆಲ್ ಉಳಿದಿತ್ತು, ಒಂದು ಹೆಚ್ಚು ಇಟ್ಟಿರುವುದು ವಾಡಿಕೆ. ಅದನ್ನು ನೋಡಿದಾಗ ನನಗೆ ತಟ್ಟಿತು. ಯಾದಿ ಓದುವವನ ಹೆಸರು ಯಾದಿಯಲ್ಲಿ ಇರುವುದೇ ಇಲ್ಲ. ಮೂವತ್ತು ವರ್ಷಗಳಲ್ಲಿ ಕಾಕಾನನ್ನು ಯಾರೂ ಕರೆದೇ ಇರಲಿಲ್ಲ. ನಾನಂತೂ ಆರು ವರ್ಷ ಅವರನ್ನು ದಾಟಿ ಮುಂದೆ ಹೋಗಿದ್ದೆ.

ಎದ್ದು ಹೋಗಿ ಮೈಕು ತೆಗೆದುಕೊಂಡೆ. "ನನಗ ಇಂಗ್ಲಿಷ್ ಕಲಿಸಿದ ಮಾಸ್ತರು ಮುಂದ ಬರಬೇಕು."

ಕಾಕಾ ಯಾರು ಬರುತ್ತಾರೆಂದು ಹಿಂದೆ ತಿರುಗಿ ನೋಡಿದರು. ನಾನು ಎರಡನೆಯ ಸಲ ಕರೆಯಬೇಕಾಯಿತು.

ಟೊಪ್ಪಿಗೆ ಇಡುವಾಗ ಅವರ ಕಣ್ಣು ತುಂಬಿದ್ದವು. ಮೆಲ್ಲಗೆ ಕೇಳಿದರು. "ನಿನ್ನ ಲಗ್ನ ವೆಡ್-ನೆಸ್-ಡೇ ಐತಲ್ಲವ್ವಾ, ಅದೂ ತಪ್ಪೇನು? ಈಗರ ಹೇಳು. ಹದಿನೈದ ದಿನಾ ಐತಿ, ರೂಢಿ ಮಾಡ್ಕೋತೀನಿ."

ಮೈಕಿಗೆ ಸೆರಗು ಮುಚ್ಚಿ ಅವರ ಕಿವಿಯಲ್ಲಿ 'ವೆನ್ಸ್‌ಡೇ' ಎಂದು ಹೇಳಿದೆ. ಹೇಳುತ್ತಲೇ ಅಳು ಬಂತು. ಕಾಕಾ ಕಣ್ಣು ಮುಚ್ಚಿ, ಕಟ್ಟೆಯ ಮೇಲೆ ನಾನು ಅನ್ನುತ್ತಿದ್ದಂತೆಯೇ, ಮೂರು ಸಲ ಅಂದು ನೋಡಿದರು.