ಅವ್ವನ ಜೊತೆ ಎರಡನೇ ಭಾಗ

ಸತ್ತವರು ಎದ್ದು ಬರುವುದಿಲ್ಲ ಎಂಬುದು ಹುಟ್ಟಿದವರಿಗೆಲ್ಲ ಗೊತ್ತಿರುವ ವಿಷಯ. ಬೇಸಿಗೆ ರಜೆಗೆ ದೊಡ್ಡ ದೊಡ್ಡ ಸಿನಿಮಾ ಬಿಡುವವರಿಗೆ ಮಾತ್ರ ಇದನ್ನು ಯಾರೂ ಹೇಳಿದಂತಿಲ್ಲ. ಮೊದಲನೇ ಭಾಗದಲ್ಲಿ ಗುಂಡು ತಿಂದು, ಬೆಂಕಿಯಲ್ಲಿ ಬೆಂದು, ಕೊನೆಗೆ ಸಮುದ್ರಕ್ಕೆ ಬಿದ್ದವನು ಎರಡನೇ ಭಾಗದ ಪೋಸ್ಟರಿನಲ್ಲಿ ಗಡ್ಡವನ್ನು ಇನ್ನೊಂದು ಗೇಣು ಬೆಳೆಸಿಕೊಂಡು ನಿಂತಿರುತ್ತಾನೆ. ನಾನು ಅಜ್ಜಂಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ವರ್ಷವೆಲ್ಲ ಗುರುತ್ವಾಕರ್ಷಣೆ ಪಾಠ ಮಾಡಿ, ಏಪ್ರಿಲ್ ತಿಂಗಳಲ್ಲಿ ಅದೇ ಮಕ್ಕಳ ಪಕ್ಕದ ಸೀಟಿನಲ್ಲಿ ಕೂತು, ಒಬ್ಬ ಮನುಷ್ಯ ತೆಂಗಿನಮರದ ಎತ್ತರಕ್ಕೆ ಹಾರಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಕಪ್ಪು ಕನ್ನಡಕ ಹಾಕಿಕೊಂಡು, ಆಮೇಲೆ ಪುರುಸೊತ್ತಾಗಿ ಇಳಿಯುವುದನ್ನು ನೋಡುವ ಸಂಕಟ ನನ್ನಂಥವನಿಗೇ ಗೊತ್ತು. ಮಕ್ಕಳು ಶಿಳ್ಳೆ ಹೊಡೆಯುತ್ತಾ ಓರೆಗಣ್ಣಿನಲ್ಲಿ ನನ್ನನ್ನು ನೋಡುತ್ತವೆ. ‘ಹೆಂಗೆ ಸಾ?’ ಎಂದು ಕೇಳಿದ ಹಾಗಿರುತ್ತದೆ ಆ ನೋಟ.

ನಾನೇನೂ ಸಿನಿಮಾ ಹುಚ್ಚಿನವನಲ್ಲ. ಬೇಸಿಗೆಯಲ್ಲಿ ನಮ್ಮ ಮನೆಯ ತಾರಸಿ ಕಾದು ಒಳಗೆ ಕೂರಲಾಗದಿದ್ದಾಗ, ಯಾರಾದರೂ ಕರೆದರೆ ಹೋಗುವವನು. ಆದರೆ ಅಭಿಪ್ರಾಯಗಳಿಗೆ ನನ್ನಲ್ಲಿ ಬರವಿಲ್ಲ. ಈಚಿನ ಸಿನಿಮಾಗಳಲ್ಲಿ ಊರು ಎಂದರೆ ಬರೀ ಧೂಳು; ಯಾರೂ ಬಟ್ಟೆ ಒಗೆದ ಲಕ್ಷಣವಿಲ್ಲ. ಖಳನಾಯಕ ಮೊದಲನೇ ಭಾಗದಲ್ಲಿ ಒಂದು ತಾಲ್ಲೂಕನ್ನು ಹೆದರಿಸುತ್ತಿದ್ದರೆ ಎರಡನೇ ಭಾಗದಲ್ಲಿ ದೇಶವನ್ನೂ ಮೂರನೆಯದರಲ್ಲಿ ಭೂಮಂಡಲವನ್ನೂ ಹೆದರಿಸಬೇಕು. ಬಡ್ತಿ ನಮ್ಮ ಇಲಾಖೆಯಲ್ಲಿ ಅಷ್ಟು ಬೇಗ ಸಿಗುವುದಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಮಾತು ಕೂಡಿಸಿದ ಸಿನಿಮಾಗಳದು ಇನ್ನೊಂದು ಕತೆ. ಆಕಾಶದಿಂದ ಇಳಿದ ವೀರರು ಲೋಕ ಉಳಿಸುವ ನೆಪದಲ್ಲಿ ಇಡೀ ಪಟ್ಟಣವನ್ನು ಕೆಡವಿ ಹಾರಿ ಹೋಗುತ್ತಾರೆ. ಆ ಕಲ್ಲುಮಣ್ಣು ಎತ್ತಿಸುವ ಪುರಸಭೆಯವರ ಗತಿ ಏನು ಎಂದು ಯಾರೂ ತೋರಿಸುವುದಿಲ್ಲ. ಇನ್ನು ಸದ್ದು. ಎದೆಯೊಳಗೆ ಯಾರೋ ಕಾಯಿ ಸುಲಿಯುತ್ತಿರುವ ಹಾಗೆ ಸದ್ದು.

ಇದನ್ನೆಲ್ಲ ನಾನು ಹೇಳುತ್ತಿದ್ದುದು ನನ್ನ ಅಣ್ಣ ಕುಮಾರನಿಗೆ. ಅವನಿಗೆ ಇಂಥ ಸಿನಿಮಾ ಎಂದರೆ ಪ್ರಾಣ. ತೋಟಗಳಿಂದ ತೆಂಗಿನಕಾಯಿ ಕೊಂಡು ಲಗೇಜ್ ಆಟೋದಲ್ಲಿ ಹೇರಿಕೊಂಡು ಹೋಗಿ ಕಡೂರಿನಲ್ಲಿ ಮಾರುವುದು ಅವನ ಕೆಲಸ. ಮದುವೆಯಾಗಿರಲಿಲ್ಲ. ಹೆಣ್ಣಿನ ಕಡೆಯವರಿಗೆಲ್ಲ ಸಂಬಳದ ಗಂಡೇ ಬೇಕಿತ್ತು. ಸಂಬಳದವನಾದ ನನಗೆ ಮೊದಲು ಆಯಿತು. ಅದಕ್ಕೆ ಅವನು ಮುಖ ಸಣ್ಣದು ಮಾಡಿದ್ದನ್ನು ನಾನು ಕಾಣೆ. ಅಪ್ಪ ಲಿಂಗೈಕ್ಯರಾದ ಮೇಲೆ ಅವ್ವನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವ ಅಭ್ಯಾಸ ಮಾಡಿದವನೂ ಅವನೇ. ಹಣೆಗೆ ವಿಭೂತಿ ಇಟ್ಟುಕೊಂಡು, ಸೆರಗು ಹೊದ್ದು, ಆಟೋದಲ್ಲಿ ಅಣ್ಣನ ಪಕ್ಕ ಇಕ್ಕಟ್ಟಿನಲ್ಲಿ ಕೂತು ಅವ್ವ ತರೀಕೆರೆಯ ಟಾಕೀಸಿಗೆ ಹೊರಟರೆ ಮಠಕ್ಕೆ ಹೊರಟಿದ್ದಾರೆ ಅಂತಲೇ ಜನ ತಿಳಿಯಬೇಕು. ಒಳಗೆ ಹೋದ ಮೇಲೆ ಮಾತ್ರ ಅವ್ವ ಬೇರೆಯೇ ಹೆಂಗಸು. ‘ಹಿಂದುಗಡೆ ನೋಡೋ ಮುಂಡೇದೇ, ಮಚ್ಚು ಹಿಡ್ಕೊಂಡು ಬತ್ತಾವ್ನೆ!’ ಎಂದು ನಾಯಕನಿಗೆ ಕೂಗಿ ಹೇಳುತ್ತಿದ್ದಳು. ರಕ್ತ ಚಿಮ್ಮಿದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅವ್ವ ಕಡಲೆಕಾಯಿ ಬಿಡಿಸುತ್ತಿದ್ದಳು.

ಹೋದ ಸಲದ ಬೇಸಿಗೆಯಲ್ಲಿ ನಾವು ಮೂವರೂ ಕೂಡಿ ಹಾಗೊಂದು ಸಿನಿಮಾ ನೋಡಿದೆವು. ಕೊನೆಯಲ್ಲಿ ಗೆಳೆಯನೇ ನಾಯಕನನ್ನು ಕಲ್ಲಿನ ಕ್ವಾರಿಗೆ ತಳ್ಳುತ್ತಾನೆ, ಅರ್ಧ ಗುಡ್ಡ ಅವನ ಮೇಲೆ ಕುಸಿಯುತ್ತದೆ, ಅಲ್ಲಿಗೆ ಮೊದಲನೇ ಭಾಗ ಮುಗಿಯುತ್ತದೆ. ಆಚೆ ಬಂದು ಕಬ್ಬಿನ ಹಾಲು ಕುಡಿಯುವಾಗ ನಾನು, ಅಷ್ಟು ತೂಕದ ಕಲ್ಲು ಬಿದ್ದರೆ ಮನುಷ್ಯನ ಮೂಳೆ ಏನಾಗುತ್ತದೆ ಎಂದು ವಿವರಿಸತೊಡಗಿದೆ. ‘ಲೇ ಮಂಜ, ನಿನ್ನ ಸ್ಕೂಲು ನಾಳಿಕ್ಕೆ ಮಡಿಕ್ಕೊಳೋ. ಕುಡಿಯೋ ಹಾಲೂ ಕೆಟ್ಟೋಯ್ತು’ ಅಂದ ಅಣ್ಣ. ಅವ್ವ ನಕ್ಕಳು.

ಆ ಮಳೆಗಾಲದಲ್ಲಿ ಬೀರೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಅಣ್ಣನ ಆಟೋಕ್ಕೆ ಲಾರಿ ಗುದ್ದಿತು. ಬೆಳಗಿನ ಹೊತ್ತು. ನಾನು ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಫೋನ್ ಮಾಡಿದವರು ಯಾರೋ ದಾರಿಹೋಕರು. ‘ನಿಮ್ಮ ನಂಬರು ಈ ಫೋನಿನಾಗೆ ಮೇಲುಗಡೆ ಇತ್ತು ಸಾರ್’ ಎಂದರು. ಆಸ್ಪತ್ರೆಯ ಕೆಲಸವೇ ಬೀಳಲಿಲ್ಲ. ಸಂಜೆಯ ಹೊತ್ತಿಗೆ ತೋಟದಲ್ಲಿ ಅಪ್ಪನ ಸಮಾಧಿಯ ಪಕ್ಕದಲ್ಲೇ ಅಣ್ಣನನ್ನೂ ಕೂರಿಸಿ ಮಣ್ಣು ಕೊಟ್ಟು ಬಂದೆವು.

ಅವ್ವ ಅಳಲಿಲ್ಲ. ಬಂದವರೆಲ್ಲ ಅತ್ತರು, ಅವ್ವ ಅವರಿಗೆ ನೀರು ಕೊಡಿಸಿದಳು. ಶಿವಗಣಾರಾಧನೆ ಕಳೆಯಿತು, ಬಂಧುಗಳು ಹೋದರು, ಆಗಲೂ ಅಳಲಿಲ್ಲ. ನನಗೂ ನನ್ನ ಹೆಂಡತಿ ಪುಷ್ಪಳಿಗೂ ಭಯ ಹಿಡಿಯಿತು. ಅಳದೆ ಒಳಗೇ ಇಟ್ಟುಕೊಂಡರೆ ಎದೆ ಒಡೆಯುತ್ತದೆ ಎಂದು ಊರಿನವರೆಲ್ಲ ಹೇಳಿದರು. ಅಂದಿನಿಂದ ನಾವಿಬ್ಬರೂ ಅವ್ವನನ್ನು ಒಲೆಯ ಮೇಲಿಟ್ಟ ಹಾಲಿನ ಹಾಗೆ ಕಾಯತೊಡಗಿದೆವು. ಉಂಡಳೇ, ಎಷ್ಟು ಉಂಡಳು, ಮಲಗಿದಾಗ ಯಾವ ಮಗ್ಗುಲಿಗಿದ್ದಳು, ಎಲ್ಲ ನಮ್ಮ ಗಮನದಲ್ಲಿರುತ್ತಿತ್ತು. ಸಮಾಧಿಯ ಹತ್ತಿರ ಹೋದರೆ ಪುಷ್ಪ ಸೊಪ್ಪು ಕೀಳುವ ನೆಪದಲ್ಲಿ ಹಿಂದೆ ಹೋಗುತ್ತಿದ್ದಳು. ಒಮ್ಮೆ ಬಚ್ಚಲಮನೆಯಲ್ಲಿ ತುಂಬ ಹೊತ್ತಾಯಿತೆಂದು ನಾನು ಬಾಗಿಲ ಹೊರಗೆ ಹೋಗಿ ನಿಂತೆ. ಒಳಗಿನಿಂದ ‘ಯಾರದು?’ ಅಂದಳು. ‘ನಾನೇ ಅವ್ವ.’ ‘ಏನು?’ ‘ಸೋಪು ಐತಾ ಅಂತ ಕೇಳ್ದೆ’ ಅಂದೆ. ‘ಐತೆ ಕಣಪ್ಪ’ ಅಂದಳು. ಒಂದು ಚೊಂಬು ನೀರು ಸುರಿದುಕೊಂಡ ಸದ್ದಾಯಿತು.

ಈ ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ಗೋಡೆಗೆ ಎರಡನೇ ಭಾಗದ ಪೋಸ್ಟರು ಬಂತು. ನಾನು ಅವ್ವನಿಗೆ ಹೇಳಲಿಲ್ಲ. ಯಾರು ಹೇಳಿದರೋ, ಒಂದು ದಿನ ತಿಂಡಿ ತಿನ್ನುವಾಗ ಅವಳೇ ಕೇಳಿದಳು: ‘ಮಂಜ, ಆ ಕಲ್ಲುಗಣಿ ಪಿಚ್ಚರು ಬಂದೈತಂತಲ್ಲ. ಕರ್ಕೊಂಡು ಹೋಗ್ತೀಯ?’

ಪುಷ್ಪ ದೋಸೆ ಮಗುಚುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಸಭೆ ನಡೆಯಿತು. ‘ಬೇಡ ಕಣ್ರೀ, ಅದರಲ್ಲಿ ಏನೇನಿರ್ತದೋ. ಅತ್ತೆಗೆ ಅಲ್ಲೇ ಏನಾದ್ರೂ ಆದ್ರೆ?’ ಎಂದಳು. ಮನೆಯಿಂದ ಆಚೆ ಹೋಗುತ್ತೇನೆಂದು ಅವ್ವ ಇಷ್ಟು ತಿಂಗಳಲ್ಲಿ ಕೇಳಿದ್ದು ಇದೊಂದೇ, ಇಲ್ಲ ಎನ್ನುವುದು ಹೇಗೆ ಎಂದು ನಾನು. ಕೊನೆಗೆ, ಮೊದಲು ಸಿನಿಮಾವನ್ನು ವಿಚಾರಿಸಿಕೊಂಡು ಬರುವುದು ಎಂದಾಯಿತು. ನಮ್ಮ ಪಿ.ಟಿ. ಮೇಷ್ಟ್ರು ಆಗಲೇ ನೋಡಿ ಬಂದಿದ್ದರು. ಅವರನ್ನು ಟೀ ಅಂಗಡಿಯಲ್ಲಿ ಹಿಡಿದೆ.

‘ಸಾರ್, ಅದರಲ್ಲಿ ಲಾರಿ ಇದೆಯೇ?’ ಎಂದೆ.

‘ಲಾರೀನಾ?’ ಅವರ ಮುಖ ಅರಳಿತು. ‘ಸಾರ್, ಸಾಲಿಗೆ ಸಾಲೇ ಲಾರಿ ಬತ್ತವೆ. ಒಂದೂ ಬಿಡಲ್ಲ, ಎಲ್ಲಾ ಉಡಾಯಿಸ್ತಾನೆ ಆ ವಿಲನ್ನು. ನೀವು ಲಾರಿ ಸೀನ್ ಇಷ್ಟ ಪಡ್ತೀರ ಅಂತ ನನಗೆ ಗೊತ್ತೇ ಇರಲಿಲ್ಲ ಕಣ್ರೀ!’

ಆಮೇಲೆ ಅವರಿಗೇ ಹೊಳೆಯಿತು. ಕುಡಿಯುತ್ತಿದ್ದ ಟೀ ಲೋಟವನ್ನು ಹಾಗೇ ಬೆಂಚಿನ ಮೇಲಿಟ್ಟರು. ಪಾಪ, ನನಗಿಂತ ಅವರಿಗೇ ಹೆಚ್ಚು ಕಷ್ಟವಾಯಿತು. ಮನೆಗೆ ಬಂದು ಪುಷ್ಪಳಿಗೆ ‘ಒಂದೆರಡು ಲಾರಿ ಇವೆಯಂತೆ, ದೂರದಲ್ಲಿ’ ಎಂದೆ.

ಅವ್ವನೂ ನಾನೂ ತರೀಕೆರೆಗೆ ಬಸ್ಸಿನಲ್ಲಿ ಹೋದೆವು. ಮಧ್ಯಾಹ್ನದ ಆಟ. ಬಿಸಿಲಿಗೆ ಟಾಕೀಸಿನ ಮೆಟ್ಟಿಲು ಕಾಲು ಸುಡುತ್ತಿತ್ತು. ಅವ್ವ ಬಂದು ಕೂತಳು. ನಾನು ಜೇಬಿನಲ್ಲಿ ಗ್ಲೂಕೋಸ್ ಪೊಟ್ಟಣ, ಕೈಯಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಪಕ್ಕದಲ್ಲಿ ಸಿದ್ಧನಾಗಿ ಕೂತೆ. ಲಾರಿಗಳು ಬಂದವು. ಒಂದೊಂದು ಬಂದಾಗಲೂ ನಾನು ಅವ್ವನ ಕಡೆ ತಿರುಗಿದೆ. ಪರದೆಯ ಮೇಲೆ ಬೆಂಕಿ ಹತ್ತಿದಾಗಲೆಲ್ಲ ಅವ್ವನ ಮುಖ ಕೆಂಪಗೆ ಕಾಣುತ್ತಿತ್ತು, ಆರಿದಾಗ ಕಾಣುತ್ತಿರಲಿಲ್ಲ. ಅವಳು ನೆಟ್ಟಗೆ ಎದುರಿಗೇ ನೋಡುತ್ತಿದ್ದಳು. ಯಾರಿಗೂ ಏನೂ ಕೂಗಿ ಹೇಳಲಿಲ್ಲ. ‘ಸೆಕೆ ಆಗ್ತೈತಾ ಅವ್ವ?’ ಎಂದೆ. ಇಲ್ಲ ಎಂದು ತಲೆಯಾಡಿಸಿದಳು. ‘ನೀರು?’ ಎಂದೆ. ಬೇಡ. ‘ಹೋಗಾನ?’ ಎಂದೆ. ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

ಆಮೇಲೆ ಕ್ವಾರಿ ಬಂತು. ಸಂಗೀತ ನಿಂತಿತು. ಕಲ್ಲಿನ ರಾಶಿಯಲ್ಲಿ ಒಂದು ಸಣ್ಣ ಕಲ್ಲು ಅಲುಗಿತು. ಇಡೀ ಟಾಕೀಸು ಉಸಿರು ಹಿಡಿಯಿತು. ನಡೆಯುವುದೇನೆಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಆ ಕ್ಷಣದಲ್ಲಿ ನಾನು ತರೀಕೆರೆಯಲ್ಲಿರಲಿಲ್ಲ. ಅವತ್ತು ಬೀರೂರಿನ ಆಚೆ ಬೈಕಿನಿಂದಿಳಿದಾಗ ರಸ್ತೆಯ ತುಂಬ ತೆಂಗಿನಕಾಯಿ ಉರುಳಿದ್ದವು. ಜನ ಅವನ್ನು ಕಾಲಿನಿಂದ ಅಂಚಿಗೆ ತಳ್ಳಿ ವಾಹನಗಳಿಗೆ ದಾರಿ ಮಾಡುತ್ತಿದ್ದರು. ಅಣ್ಣನ ಮೇಲೆ ಯಾರೋ ಅವನದೇ ಟಾರ್ಪಾಲು ಹೊದಿಸಿದ್ದರು. ನಾನು ನೋಡುತ್ತಿದ್ದ ಹಾಗೆ ಅದರ ಒಂದು ತುದಿ ಎದ್ದಿತು. ನಾನು ‘ಅಣ್ಣಾ’ ಎಂದು ಕೂಗಿ ಓಡಿದೆ. ಅಲ್ಲಿದ್ದ ಪೊಲೀಸಿನವರೊಬ್ಬರು ನನ್ನ ತೋಳು ಹಿಡಿದುಕೊಂಡು ಮೆತ್ತಗೆ ‘ಗಾಳಿ ಸಾರ್, ಗಾಳಿ’ ಎಂದರು. ಇದನ್ನು ನಾನು ಅವ್ವನಿಗೂ ಹೇಳಿಲ್ಲ, ಪುಷ್ಪಳಿಗೂ ಹೇಳಿಲ್ಲ.

ಕಲ್ಲಿನ ನಡುವಿನಿಂದ ಕೈ ಬಂತು, ಆಮೇಲೆ ಗಡ್ಡ ಬಂತು, ಟಾಕೀಸಿಗೆ ಟಾಕೀಸೇ ಎದ್ದು ನಿಂತು ಕುಣಿಯಿತು. ಮೇಲಿನಿಂದ ಕಾಗದದ ಚೂರು ಸುರಿದವು. ಕೂತೇ ಇದ್ದವರು ನಾವಿಬ್ಬರೇ. ನಾನು ಮತ್ತೆ ಅವ್ವನ ಕಡೆ ತಿರುಗಿದೆ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ‘ಅವ್ವ, ಗ್ಲೂಕೋಸ್ ಕೊಡಲಾ?’ ಎಂದೆ. ಅಷ್ಟರಲ್ಲಿ ಮಧ್ಯಂತರದ ದೀಪ ಹತ್ತಿತು.

ಅವ್ವ ಎದ್ದು ವರಾಂಡಕ್ಕೆ ಬಂದಳು. ನಾನು ಬಾಟಲಿ ಹಿಡಿದು ಹಿಂದೆ ಬಂದೆ. ಪೆಪ್ಪರ್‌ಮೆಂಟು, ಪಾಪ್‌ಕಾರ್ನ್ ಮಾರುವ ಗದ್ದಲದ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತು, ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

‘ಮಂಜ, ನಾನ್ಯಾಕೆ ಬಂದೆ ಗೊತ್ತೇನೋ?’

‘ಸಿನಿಮಾ ನೋಡಾಕೆ.’

‘ಯಾರಿಗೆ ಬೇಕಾಗಿತ್ತೋ ಈ ಸಿನಿಮಾ! ಅವನು ಎದ್ದರೆಷ್ಟು, ಬಿದ್ದರೆಷ್ಟು. ಮನೇಲಿ ನೀನೂ ನಿನ್ನ ಹೆಂಡ್ತೀನೂ ಹೊತ್ತು ಹುಟ್ಟಿದಾಗಿಂದ ಮುಳುಗೋಗಂಟ ನನ್ನ ಮುಖಾನೇ ನೋಡ್ತೀರ. ತ್ವಾಟಕ್ಕೋದ್ರೆ ಆ ಹುಡುಗಿ ಸೊಪ್ಪು ಕೀಳಾಕೆ ಬತ್ತಾಳೆ. ಬಚ್ಚಲಾಗೂ ಬಿಡಲ್ಲ ನೀವು. ಎಲ್ಲಿ ಕೂತು ಅಳಲೋ ನಾನು? ಇಲ್ಲಿ ಕತ್ಲೆ ಐತೆ, ಯಾರೂ ನೋಡಲ್ಲ, ಒಂದು ಗಳಿಗೆ ನನ್ನ ಮಗನ್ನ ನೆನೆಸ್ಕೊಂಡು ಅತ್ಗಂಬರಾನ ಅಂತ ಬಂದೆ. ಇಲ್ಲೂ ನೀನು ಪರದೆ ಬಿಟ್ಟು ನನ್ನೇ ನೋಡ್ತಾ ಕೂತಿದ್ದೀಯ. ನೀರು ಬೇಕಾ, ಗ್ಲೂಕೋಸು ಬೇಕಾ. ಅಲ್ಲ ಕಣೋ, ಮೇಷ್ಟ್ರಾಗಿ ಇಷ್ಟೂ ತಿಳಿಯಾಕಿಲ್ವಾ ನಿಂಗೆ?’

ಅವಳು ಬೈಯುತ್ತಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬಾಟಲಿಯ ಮುಚ್ಚಳ ತೆಗೆಯುತ್ತಾ, ಹಾಕುತ್ತಾ ನಿಂತಿದ್ದೆ. ಇಷ್ಟು ತಿಂಗಳು ಅವ್ವ ಯಾಕೆ ಅಳುತ್ತಿಲ್ಲ ಎಂದು ನಾವು ಕಾದದ್ದು, ನಾವು ಕಾಯುತ್ತಿದ್ದೇವೆಂದು ಅವಳು ಅಳದಿದ್ದದ್ದು, ಇದಕ್ಕೆ ಯಾವ ಸೂತ್ರ ಹಾಕಿ ಬಿಡಿಸುವುದು?

‘ಹಂಗಾದ್ರೆ ನಾನು ಆಚೆ ಇರ್ತೀನಿ ಅವ್ವ’ ಎಂದೆ.

‘ಆಚೆ ಯಾಕೆ, ಬಿಸಿಲು ಐತೆ. ಹಿಂದಗಡೆ ಎಲ್ಲಾದ್ರೂ ಹೋಗಿ ಕೂತ್ಕೋ. ಮುಗಿದ ಮ್ಯಾಲೆ ಬತ್ತೀನಿ.’ ಒಳಗೆ ಹೋಗುವವಳು ತಿರುಗಿ, ‘ಆ ನೀರು ಇತ್ತ ಕೊಡು’ ಎಂದು ಬಾಟಲಿ ಇಸಿದುಕೊಂಡು ಹೋದಳು.

ನಾನು ಕೊನೆಯ ಸಾಲಿನ ಮೂಲೆಯಲ್ಲಿ ಕೂತೆ. ದೀಪ ಆರಿತು. ಮುಂದೆ ಸಾಲುಸಾಲು ತಲೆಗಳು, ಅದರಲ್ಲಿ ಅವ್ವನದು ಯಾವುದೆಂದು ಗುರುತು ಸಿಗಲಿಲ್ಲ. ಹುಡುಕಬಾರದೆಂದು ಹುಡುಕಲೂ ಇಲ್ಲ. ಪರದೆಯ ಮೇಲೆ ಯಾರೋ ಯಾರನ್ನೋ ಕೊಚ್ಚತೊಡಗಿದರು, ಕಟ್ಟಡಗಳು ಉರುಳತೊಡಗಿದವು. ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಬೀರೂರಿನ ರಸ್ತೆಯ ಅಂಚಿಗೆ ತಳ್ಳಿಸಿಕೊಂಡ ಕಾಯಿಗಳು ಕಣ್ಣಿಗೆ ಬಂದವು. ಅವನ್ನು ಆಮೇಲೆ ಯಾರು ತೆಗೆದುಕೊಂಡು ಹೋದರೋ ನಾನು ಕೇಳಿಯೇ ಇರಲಿಲ್ಲ. ಗಂಟಲಿನಿಂದ ಏನೋ ಒಂದು ಸದ್ದು ಬಂತು, ಅದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮುಂದಿನ ಸಾಲಿನವನು ಕೂಡ ತಿರುಗಿ ನೋಡಲಿಲ್ಲ, ಅಷ್ಟು ಫಿರಂಗಿ ಹಾರುತ್ತಿತ್ತು ಅಲ್ಲಿ. ಬೆಳೆದ ಗಂಡಸು ಬಾಯಿಬಿಟ್ಟು ಅಳುವುದಕ್ಕೆ ಅಂಥ ಸೌಕರ್ಯ ಅಜ್ಜಂಪುರದಲ್ಲಿ ಎಲ್ಲೂ ಇಲ್ಲ.

ಆಟ ಬಿಟ್ಟ ಮೇಲೆ ಬಾಗಿಲ ಬಳಿ ಅವ್ವ ಸಿಕ್ಕಳು. ಕಣ್ಣು ಊದಿತ್ತು. ಬಾಟಲಿ ಖಾಲಿಯಾಗಿತ್ತು. ನನ್ನ ಕಣ್ಣನ್ನು ಅವಳು ನೋಡಿದಳೋ ಇಲ್ಲವೋ, ಬಾಟಲಿಯನ್ನು ನನ್ನ ಕೈಗಿಟ್ಟು ಮೆಟ್ಟಿಲಿಳಿದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅಮೃತಾಪುರದ ದಾರಿ ಬರುವ ಮೊದಲೇ ನಿದ್ದೆ ಹೋದಳು. ನಾನು ಕಷ್ಟಪಟ್ಟು ಕಿಟಕಿಯಾಚೆ ನೋಡುತ್ತಾ ಕೂತೆ.

ಮನೆಯಲ್ಲಿ ಪುಷ್ಪ ಗಾಬರಿಯಾಗಿ ಬಾಗಿಲಲ್ಲೇ ನಿಂತಿದ್ದಳು. ಅವ್ವ ಕಾಲು ತೊಳೆಯಲು ಹಿತ್ತಲಿಗೆ ಹೋದಳು. ಪುಷ್ಪ ಹಿಂದೆಯೇ ಹೊರಟಳು. ನಾನು ಕೈ ಹಿಡಿದು ನಿಲ್ಲಿಸಿದೆ. ಯಾಕೆ ಎಂದು ಕಣ್ಣಲ್ಲೇ ಕೇಳಿದಳು, ಆಮೇಲೆ ಹೇಳುತ್ತೇನೆ ಎಂದು ಕಣ್ಣಲ್ಲೇ ಹೇಳಿದೆ.

‘ಸಿನಿಮಾ ಹೆಂಗಿತ್ತು?’ ಎಂದಳು ಕೊನೆಗೆ.

‘ಚೆನ್ನಾಗಿತ್ತು’ ಎಂದೆ.

ಪುಷ್ಪ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಮದುವೆಯಾದಾಗಿನಿಂದ ಇಂಥ ಯಾವ ಸಿನಿಮಾವನ್ನೂ ನಾನು ಚೆನ್ನಾಗಿದೆ ಎಂದವನಲ್ಲ. ಎಂದದ್ದು ಇದೊಂದನ್ನೇ; ಇದರ ಮೊದಲರ್ಧದಲ್ಲಿ ನಾನು ಅವ್ವನನ್ನು ನೋಡಿದೆ, ಉಳಿದರ್ಧದಲ್ಲಿ ಏನನ್ನೂ ನೋಡಲಿಲ್ಲ.